ಮೂರನೇ ಭಾನುವಾರದ ಸ್ವರ

ಎಂಟನೇ ಸಲವೂ ಸ್ಪೀಕರ್ ಉಸಿರೆತ್ತದಿದ್ದಾಗ ಅಸ್ಮಾ ಸೋಲ್ಡರಿಂಗ್ ಐರನ್ ಕೆಳಗಿಟ್ಟು ಕಣ್ಣುಜ್ಜಿಕೊಂಡಳು. ಬಿಡಿಭಾಗ ಬೆಸೆದು ತಾನೇ ಜೋಡಿಸುವ ಕಿಟ್ ತರಿಸಿ ಇದು ಮೂರನೇ ಭಾನುವಾರ. ಸ್ವರ ಹುಟ್ಟಿಸಬೇಕಾದ ಸಿಂಥಸೈಜರ್ ಮಾಡ್ಯೂಲ್ ಮಾತ್ರ ಇನ್ನೂ ಮೂಕ. "ಸಾಕಾತು ಅಬ್ಬಾ. ನನ್ನ ಕೈಲೆ ಆಗಂಗಿಲ್ಲ."

ಕೊಟ್ಟೂರಿನಲ್ಲಿ ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದ್ದ ಅವಳ ತಂದೆ ಅಬ್ದುಲ್ ವಹಾಬರು, ಅಂಗಡಿ ಮುಚ್ಚಿದ ಮೇಲೆ ಇಂಥ ಸಾಮಾನಿನತ್ತ ತಿರುಗಿಯೂ ನೋಡಿರಲಿಲ್ಲ. ಈಗ ಕನ್ನಡಕ ಏರಿಸಿ ಬಗ್ಗಿದರು. "ಈ ಬೆಸುಗಿ ಮಂಕಾಗೈತಿ ನೋಡವಾ. ಮತ್ತೊಮ್ಮೆ ಕಾಸು."

ಕಾಸಿದಳು. ಸ್ವರವೊಂದು ನೆಟ್ಟಗೆ ಎದ್ದು ನಿಂತಿತು. ತಡೆಯಲಾರದೆ ವಹಾಬರು ಸ್ವರ ಏರಿಳಿಸುವ ನಾಬ್ ಹಿಡಿದರು. ಅಂಗಡಿ ಮುಚ್ಚಿಸಿದ್ದ ಅವರ ಕೈನಡುಕಕ್ಕೆ ಸ್ವರವೂ, ಹಾಡುವವರ ಕೊರಳಿನಂತೆ, ಅಲೆಅಲೆಯಾಗಿ ನಡುಗಿತು. ನಾಚಿ ಕೈ ಹಿಂತೆಗೆಯಹೋದರು.

"ತೆಗೀಬ್ಯಾಡ್ರಿ ಅಬ್ಬಾ," ಎಂದಳು ಅಸ್ಮಾ. "ನನಗ ಹಂಗ ನುಡಿಸಾಕ ಬರಂಗಿಲ್ಲ."