ತಂತಿ ಬಿಟ್ಟ ಬಸ್ಸು

ನೀರಿನ ಪೈಪು ಒಡೆದು ದೊಡ್ಡ ರಸ್ತೆಯೇ ಕೆರೆಯಾಗಿತ್ತು. ಬುರುಲ್ ಬಸ್ಸು ನಿಲ್ಲಿಸಿ, ಚೀಲದಿಂದ ಉಣ್ಣೆ ತೆಗೆದು ಕಾಲುಚೀಲ ಹೆಣೆಯಲು ಕೂತಳು. ಬಿಷ್ಕೆಕ್‌ನಲ್ಲಿ ಇಪ್ಪತ್ತಾರು ವರ್ಷ ಟ್ರಾಲಿಬಸ್ಸು ಓಡಿಸಿದವಳು. ಅದು ತಲೆಯ ಮೇಲಿನ ವಿದ್ಯುತ್ ತಂತಿಗೆ ಕಟ್ಟುಬಿದ್ದ ಗಾಡಿ; ಮುಂದೆ ದಾರಿ ಕಟ್ಟಿದರೆ ತೆರವಾಗುವ ತನಕ ಕೂತಿರಬೇಕು. ಹಾಗೆ ಕೂತು ಕೂತೇ ಮೂರು ಮೊಮ್ಮಕ್ಕಳ ಕಾಲು ಬೆಚ್ಚಗೆ ಮಾಡಿದ್ದಳು.

ಈ ವರ್ಷ ತಂತಿಗಳನ್ನೆಲ್ಲ ಬಿಚ್ಚಿ ಬ್ಯಾಟರಿ ಬಸ್ಸು ತಂದರು. ಇದು ನಮ್ಮ ಕೈಗೆ ಬಗ್ಗುವುದಲ್ಲ ಎಂದು ಅವಳ ವಾರಗೆಯವರು ಅನೇಕರು ಕೆಲಸ ಬಿಟ್ಟರು. ಬುರುಲ್ ಮಾತ್ರ ಹಟ ಹಿಡಿದು ಪರೀಕ್ಷೆ ಬರೆದು, ಎರಡನೇ ಸಲಕ್ಕೆ ಪಾಸಾದಳು. ಇವತ್ತು ಮೊದಲ ದಿನ. ಒಂದು ತಪ್ಪಾದರೂ ಮನೆಗೆ ಕಳಿಸುತ್ತಾರೆಂಬ ಅಳುಕು ಬೇರೆ.

ಹಿಂದಿನ ಸೀಟಿನಲ್ಲಿ ಮಡಿಲಿಗೆ ಕಲ್ಲಂಗಡಿ ಇಟ್ಟುಕೊಂಡು ಕೂತಿದ್ದ ಮುದುಕರೊಬ್ಬರು, "ಯಾಕೆ ಮಗಳೇ, ಇಲ್ಲೇ ಬೀಡುಬಿಟ್ಟೆಯಾ? ಎಡಕ್ಕೆ ಓಣಿ ಇದೆಯಲ್ಲ" ಎಂದರು.

"ಅಲ್ಲಿ ತಂತಿ ಎಲ್ಲಿದೆ ಅಜ್ಜಾ..." ಎಂದವಳು ಮಾತು ಮುಗಿಸಲಿಲ್ಲ. ಕತ್ತೆತ್ತಿದಳು. ಮೇಲೆ ಬರೀ ಆಕಾಶ, ದೂರದಲ್ಲಿ ಹಿಮದ ಬೆಟ್ಟ.

ಹೆಣಿಗೆ ಕೆಳಗೆ ಬಿತ್ತು. ಸ್ಟಿಯರಿಂಗನ್ನು ಎಡಕ್ಕೆ ಪೂರಾ ತಿರುಗಿಸಿದಳು. ದಿನಕ್ಕೆ ಹತ್ತು ಸಲ ಈ ಓಣಿಯ ಬಾಯಿ ದಾಟಿ ಹೋಗಿದ್ದಳೇ ಹೊರತು ಒಳಗೆ ಇಣುಕಿದವಳಲ್ಲ. ಏಪ್ರಿಕಾಟ್ ಕೊಂಬೆಗಳು ಕಿಟಕಿ ಸವರಿದವು. ರೊಟ್ಟಿ ಸುಡುತ್ತಿದ್ದ ಹೆಂಗಸು ಹಿಟ್ಟಿನ ಕೈಯಲ್ಲೇ ಓಡಿಬಂದು, ನಮ್ಮ ಓಣಿಗೂ ಬಸ್ಸು ಬಂತೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹತ್ತಿಬಿಟ್ಟಳು. ಕೋಳಿಗಳು ದಿಕ್ಕಾಪಾಲಾದವು. ಬಸ್ಸಿನಲ್ಲಿದ್ದವರಿಗೆಲ್ಲ ಹುರುಪು. ಒಬ್ಬಳು ತನ್ನ ಅತ್ತೆಮನೆ ಇಲ್ಲೇ ಬಲಕ್ಕೆ ಎಂದಳು, ಇನ್ನೊಬ್ಬ ತನ್ನ ಬೀದಿಗೂ ಒಂದು ಸುತ್ತು ಹಾಕಿಸಿ ಎಂದ. ಬುರುಲ್‌ಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅಷ್ಟರಲ್ಲಿ ಕಚೇರಿಯಿಂದ ಫೋನು. ಬಸ್ಸುಗಳ ಜಾಡು ತೋರಿಸುವ ಅಲ್ಲಿನ ತೆರೆಯ ಮೇಲೆ ಇವಳ ಬಸ್ಸು ಯಾರದೋ ತೋಟದೊಳಗೆ ಕಾಣಿಸುತ್ತಿದೆಯಂತೆ. "ಬುರುಲಕ್ಕಾ, ಎಲ್ಲಿದ್ದೀರಿ?" ಎಂದ ಅಲ್ಲಿನ ಹೊಸ ಅಧಿಕಾರಿ.

"ಗೊತ್ತಿಲ್ಲಪ್ಪ" ಎಂದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಕೆಲಸ ಹೋಯಿತು ಅಂದುಕೊಂಡಳು. ಆದರೆ ಅವನು ದನಿ ತಗ್ಗಿಸಿ, ನೀರಿನ ಹತ್ತಿರ ಇನ್ನೂ ಐದು ಬಸ್ಸು ಕೂತಿವೆ, ಅವನ್ನೂ ನಿಮ್ಮ ಹಿಂದೆ ಕಳಿಸಲೇ ಎಂದು ಕೇಳಿದ.

"ಕಳಿಸಪ್ಪ" ಎಂದಳು ಬುರುಲ್. "ಆದರೆ ನನ್ನ ಹಿಂದೆ ಬೇಡ. ಊರಲ್ಲಿ ಓಣಿ ಬೇಕಾದಷ್ಟಿವೆ."