ಒಂದು ಹಳೇ ಫೋಟೋ ತನ್ನಿ

"ನಿಲ್ಲಿಸಿಬಿಡೋಣ ಡಾಕ್ಟ್ರೇ. ನನ್ನ ಹಣೇಲಿ ಬರೆದಿರೋದೇ ಮೊಡವೆ," ಎಂದು ಟೀಚರಮ್ಮ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

ವಯಸ್ಸು ನಲವತ್ತರ ಹತ್ತಿರ. ಹರೆಯದಲ್ಲಿ ಬಂದ ಮೊಡವೆ ಮನೆ ಅಳಿಯನ ಹಾಗೆ ಅಲ್ಲೇ ಠಿಕಾಣಿ ಹೂಡಿತ್ತು. ಅಂಥಿಂಥ ಮೊಡವೆಯೂ ಅಲ್ಲ. ಕೆನ್ನೆಯ ಆಳದಲ್ಲಿ ಗಂಟು ಕಟ್ಟಿ, ದಿಂಬು ತಾಗಿದರೂ ಜೀವ ಹಿಂಡುವಂಥವು. ಎದುರಿಗೆ ಸಿಕ್ಕವರೆಲ್ಲ ಒಂದೊಂದು ಮದ್ದು ಹೇಳಿದ್ದರು, ಹೇಳಿದ್ದನ್ನೆಲ್ಲ ಮೆತ್ತಿಕೊಂಡಾಗಿತ್ತು. ಶಾಲೆಯಲ್ಲಿ ಮಕ್ಕಳಿಗಿಂತ ಬೋರ್ಡಿಗೇ ಹೆಚ್ಚು ಮುಖ ತೋರಿಸುತ್ತಿದ್ದಳು. ಹಾಗಾಗಿ ಎಲ್ಲರಿಗಿಂತ ಉದ್ದದ ನೋಟ್ಸು ಅವಳದೇ. ಕೊನೆಗೆ ಈ ಚರ್ಮದ ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆ ನುಂಗತೊಡಗಿ ಮೂರು ತಿಂಗಳಾಗಿತ್ತು. ಮೊದಮೊದಲು ಮೊಡವೆ ಇನ್ನಷ್ಟು ಕೆರಳಿತು. ಆಮೇಲೆ ತುಟಿ ಒಡೆದು, ನಕ್ಕರೆ ರಕ್ತ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಬೇರೆ. ಇಷ್ಟಾದರೂ ಕನ್ನಡಿಯಲ್ಲಿ ಅದೇ ಮುಖ.

"ನನ್ನ ಕಣ್ಣಿಗೆ ಕಡಿಮೆ ಆಗಿದೆ," ಎಂದರು ಡಾಕ್ಟರಮ್ಮ. "ಆದ್ರೆ ನಿಮಗೆ ತೋರಿಸೋದು ಹೇಗೆ? ಮೊದಲ ದಿನ ಫೋಟೋ ತೆಗೀತೀನಿ ಅಂದ್ರೆ ಎರಡೂ ಕೈಲಿ ಮುಖ ಮುಚ್ಕೊಂಡ್ರಿ. ದಿನಾ ಕನ್ನಡಿ ನೋಡೋರಿಗೆ ಬದಲಾವಣೆ ಗೊತ್ತಾಗಲ್ಲ. ಈಗ ಅರ್ಧಕ್ಕೆ ಬಿಟ್ರೆ ಮತ್ತೆ ಮೊದಲಿನ ಹಾಗೇ ಆಗಬಹುದು. ಒಂದು ಹಳೇ ಫೋಟೋ ತನ್ನಿ, ಪಕ್ಕದಲ್ಲಿಟ್ಟು ನೋಡೋಣ. ಆಮೇಲೂ ಬೇಡ ಅನ್ಸಿದ್ರೆ ನಾನೇ ನಿಲ್ಲಿಸ್ತೀನಿ."

"ಫೋಟೋಗೇನು ಬರ?" ಎನ್ನುತ್ತ ಪಕ್ಕದಲ್ಲಿದ್ದ ಗಂಡ ಎದ್ದೇಬಿಟ್ಟ. ಅವನದು ಅದೇ ರಸ್ತೆಯ ತಿರುವಿನಲ್ಲಿ ಫೋಟೋ ಸ್ಟುಡಿಯೋ. ಗೋಡೆ ತುಂಬ ಹೆಂಡತಿ. ಇನ್ನೊಬ್ಬ ರೋಗಿ ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ, ಫ್ರೇಮುಗಳನ್ನು ಕಂಕುಳಲ್ಲಿ ಇರುಕಿಕೊಂಡು ಏದುಸಿರು ಬಿಡುತ್ತ ಹಾಜರಾದ.

ಡಾಕ್ಟರಮ್ಮ ಒಂದು ಫೋಟೋ ನೋಡಿದರು, ಇನ್ನೊಂದು ನೋಡಿದರು, ಟೀಚರಮ್ಮನನ್ನು ನೋಡಿದರು. "ಇವರು ನಿಮ್ಮ ತಂಗಿನಾ?"

ಮದುವೆಯ ದಿನದಿಂದ ಹೋದ ವರ್ಷದವರೆಗೆ, ಎಲ್ಲದರಲ್ಲೂ ಬೆಳಗಿಟ್ಟ ತಟ್ಟೆಯಂಥ ಮುಖ. ಹುಡುಕಿದರೂ ಒಂದು ಚುಕ್ಕೆಯಿಲ್ಲ. ಗಿರಾಕಿಗಳ ಮುಖದ ಕಲೆಗಳನ್ನು ಕಂಪ್ಯೂಟರಿನಲ್ಲಿ ಒರೆಸಿ ಒರೆಸಿ ಪಳಗಿದ ಕೈ, ಹೆಂಡತಿಯ ಮುಖ ಬಂದರೆ ಸುಮ್ಮನಿರುತ್ತದೆಯೇ? ಅವಳಿಗೆ ಮೊಡವೆ ಇತ್ತೆಂದು ಸಾಕ್ಷಿ ಹೇಳಬಲ್ಲ ಫೋಟೋ ಒಂದನ್ನೂ ಮಹರಾಯ ಗೋಡೆಯ ಮೇಲೆ ಉಳಿಸಿರಲಿಲ್ಲ. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ.

ಟೀಚರಮ್ಮ ನಗಲಿಲ್ಲ. "ಎಷ್ಟೋ ವರ್ಷದಿಂದ ಕೇಳಬೇಕು ಅಂತಿದ್ದೆ," ಎಂದಳು ಗಂಡನ ಕಡೆ ತಿರುಗಿ. "ನಿಮಗೆ ಬೇಕಾಗಿದ್ದಿದ್ದು ಈ ಮುಖ, ಅಲ್ವೇನ್ರೀ?"

ಗಂಡ ತಬ್ಬಿಬ್ಬಾದ. "ಅಯ್ಯೋ, ಅಲ್ಲ ಕಣೇ! ಮದುವೆ ಫೋಟೋ ನೋಡಿ ನೀನು ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತುಬಿಟ್ಟೆಯಲ್ಲ, ಅದಕ್ಕೆ ಒರೆಸಿದೆ. ಆಮೇಲೆ ನೀನೂ ಬೇಡ ಅನ್ನಲಿಲ್ಲ, ನಾನೂ ಬಿಡಲಿಲ್ಲ."

ಇಷ್ಟು ಹೇಳಿ ಜೇಬು ಮುಟ್ಟಿ ನೋಡಿಕೊಂಡ. "ಬೈಯಲ್ಲ ಅಂದ್ರೆ ಒಂದಿದೆ," ಎಂದು ಜೇಬಿನಿಂದ ಪರ್ಸ್ ತೆಗೆದು, ಒಳಗಿನಿಂದ ಒಂದು ಪುಟ್ಟ ಫೋಟೋ ಎಳೆದ. ತೆಗೆದು ನೋಡಿ, ತೆಗೆದು ನೋಡಿ ಅದರ ಅಂಚೆಲ್ಲ ಸವೆದಿತ್ತು. ಅಡುಗೆಮನೆಯ ಬಾಗಿಲಲ್ಲಿ ಟೀಚರಮ್ಮ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಾಯಿ ತುಂಬ ನಗುತ್ತಿದ್ದಳು. ಎರಡೂ ಕೆನ್ನೆಗಳ ಮೇಲೆ ಕೆಂಪು ಗಂಟುಗಳು, ಗದ್ದದ ಮೇಲೆ ಕೀವು ತುಂಬಿದ ಗುಳ್ಳೆ. ಯಾವುದನ್ನೂ ಒರೆಸಿರಲಿಲ್ಲ.

"ಇದ್ಯಾವಾಗ ತೆಗೆದ್ರಿ?"

"ಹೋದ ವರ್ಷ. ಹೊಸ ಕ್ಯಾಮೆರಾ ಕೆಲಸ ಮಾಡುತ್ತಾ ಅಂತ ನೋಡ್ತಿದ್ದೆ," ಎಂದ, ಸಿಕ್ಕಿಬಿದ್ದ ಕಳ್ಳನ ಹಾಗೆ.

ಡಾಕ್ಟರಮ್ಮ ಅವಳ ಕೈಗೆ ಕನ್ನಡಿ ಕೊಟ್ಟು, ಆ ಫೋಟೋವನ್ನು ಕೆನ್ನೆಯ ಪಕ್ಕಕ್ಕೇ ಹಿಡಿದರು. ಟೀಚರಮ್ಮ ಅದನ್ನೂ ಇದನ್ನೂ ಬಹಳ ಹೊತ್ತು ನೋಡಿದಳು. ಬಲಗೆನ್ನೆಯ ಗಂಟುಗಳು ಕರಗಿ ಬರೀ ಕಲೆ ಉಳಿದಿತ್ತು. ಎಡಗೆನ್ನೆ ಇನ್ನೂ ಕೆಂಪಗಿದ್ದರೂ ಊತ ಇಳಿದಿತ್ತು. ಬೆರಳಿನಿಂದ ಒತ್ತಿ ನೋಡಿಕೊಂಡಳು, ನೋವಿರಲಿಲ್ಲ. ನೋವು ಯಾವತ್ತು ಹೋಯಿತೆಂದು ನೆನಪಿಸಿಕೊಳ್ಳಲು ಹೋದರೆ ಅದೂ ನೆನಪಾಗಲಿಲ್ಲ. "ಡಾಕ್ಟ್ರೇ, ನಿಮ್ಮ ಉಪಕಾರ ನಾನು ಸಾಯೋವರೆಗೂ..." ಎನ್ನುತ್ತ ಮೇಜಿನ ಮೇಲಿದ್ದ ಮಾತ್ರೆಯ ಡಬ್ಬಿಯನ್ನು ತಾನೇ ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಈ ಫೋಟೋ ನನ್ನ ಹತ್ರ ಇರಲಿ. ಮುಂದಿನ ಸಲ ನೋಡೋಕೆ ಬೇಕಾಗುತ್ತೆ," ಎಂದರು ಡಾಕ್ಟರಮ್ಮ.

"ಇದರದ್ದೇ ಬೇಕಾದಷ್ಟು ಪ್ರಿಂಟ್ ಹಾಕಿಕೊಡ್ತೀನಿ ಮೇಡಂ. ಇದೊಂದು ಮಾತ್ರ ನನಗಿರಲಿ," ಎಂದು ಗಂಡ ಅದನ್ನು ಅವರ ಕೈಯಿಂದ ಇಸಿದುಕೊಂಡೇಬಿಟ್ಟ.

ಹೊರಗೆ ಬಂದು ಇಬ್ಬರೂ ಫ್ರೇಮುಗಳನ್ನು ಹಂಚಿಕೊಂಡು ಹೊತ್ತು ನಡೆದರು. ಅಷ್ಟು ಭಾರ ಹೊತ್ತರೂ ಟೀಚರಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಡಾಕ್ಟರಮ್ಮ ನೂರು ಕಾಲ ಬಾಳಲಿ, ಈ ಮಾತ್ರೆ ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ ಎಂದು ದಾರಿಯುದ್ದಕ್ಕೂ ಹರಸಿದಳು. ಗಂಡನನ್ನು ಮಾತ್ರ ಹೇಗೆ ಹರಸುವುದೆಂದು ತಿಳಿಯದೆ, ಕೊನೆಗೆ ಹೇಳಿದಳು:

"ರೀ, ಮುಖ ಪೂರ್ತಿ ವಾಸಿ ಆದ್ಮೇಲೆ ಒಂದು ಒಳ್ಳೇ ಫೋಟೋ ತೆಗೀರಿ. ಪರ್ಸಲ್ಲಿ ಆ ಹಾಳು ಫೋಟೋ ಬದಲು ಅದನ್ನ ಇಟ್ಕೊಳ್ಳಿ."

"ತೆಗೀತೀನಿ ಬಿಡು," ಎಂದ ಗಂಡ, ಜಾರುತ್ತಿದ್ದ ಫ್ರೇಮುಗಳನ್ನು ಕಂಕುಳಲ್ಲಿ ಸರಿಮಾಡಿಕೊಳ್ಳುತ್ತ. "ಅದನ್ನ ಗೋಡೆಗೆ ಹಾಕೋಣ."