ಹಿಂದಿನ ಸೀಟು

ಎಸ್ಪೆರಾಂಸ್ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿಗೆ ಹೊಲಿಗೆಯ ಟೇಪು ಹಿಡಿದಿದ್ದಳು. ಷೋರೂಮಿನ ಗಾಜಿನ ಬಾಗಿಲು ದೂಡಿಕೊಂಡು ಮೈದುನ ಸಾಂತಾನ್ ಒಳಗೆ ಬಂದ.

"ಹಾಗಾದ್ರೆ ಜನ ಹೇಳಿದ್ದು ಸುಳ್ಳಲ್ಲ," ಎಂದ.

ಅವಳು ತಲೆ ಎತ್ತಲಿಲ್ಲ. ಸೀಟಿನ ಉದ್ದವನ್ನು ಚೀಟಿಯಲ್ಲಿ ಬರೆದುಕೊಂಡಳು. ಚೀಟಿಯಲ್ಲಿ ಆಗಲೇ ಐದು ಗಾಡಿಗಳ ಅಳತೆ ಇತ್ತು.

ಗೋವಾದ ಮಾಪ್ಸಾದಲ್ಲಿ ಹೆಂಗಸರು ಗಾಡಿ ಓಡಿಸುವುದು ಯಾರಿಗೂ ಸುದ್ದಿಯಲ್ಲ. ಮೀನು ಮಾರುವವರು, ಟೀಚರುಗಳು, ಕಾನ್ವೆಂಟಿನ ಸಿಸ್ಟರುಗಳು ಎಲ್ಲರ ಬಳಿಯೂ ಸ್ಕೂಟರ್ ಇದೆ. ಸುದ್ದಿಯಾದದ್ದು ಬೇರೆ. ಗಂಡ ಜಾಸಿಂತ್ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಮೈಮೇಲಿನ ಕರಿ ಬಟ್ಟೆ ಇನ್ನೂ ಇಳಿದಿರಲಿಲ್ಲ. ಅಂಥವಳು ಮೂರು ತಿಂಗಳಿಂದ ದಿನಾ ಸಂಜೆ ಚರ್ಚಿನ ಮೈದಾನದಲ್ಲಿ ಬೈಕ್ ಓಡಿಸುತ್ತಿದ್ದಳು, ಹಿಂದೆ ಒಬ್ಬ ಗಂಡಸನ್ನು ಕೂರಿಸಿಕೊಂಡು.

"ಯಾರು ಅವನು, ಅತ್ತಿಗೆ?"

"ಕಲಿಸೋರು. ಕಲಿಸೋರು ಹಿಂದೇನೇ ಕೂರೋದು."

"ಅಷ್ಟು ದಪ್ಪಗಿರೋನೇ ಸಿಕ್ಕಿದ್ನಾ?"

"ತೊಂಬತ್ತು ಕೆಜಿ. ಹುಡುಕಿ ಹುಡುಕಿ ಹಿಡಿದೆ."

ಮಾರಾಟದ ದತ್ತಾರಾಮ ನಗು ಬಂದು ಕೆಮ್ಮಿದ. ಸಾಂತಾನ್ ಅವನತ್ತ ಕಣ್ಣು ಬಿಟ್ಟ. ಬಸ್ ಸ್ಟ್ಯಾಂಡಿನಲ್ಲಿ ಜನರನ್ನು ಒಯ್ಯುವ ಬಾಡಿಗೆ ಬೈಕಿನ ಚಾಲಕ, ಊರವರ ಮಾತಿನಲ್ಲಿ ಪೈಲಟ್, ಆಗಿದ್ದ ಸಾಂತಾನ್ ತನ್ನ ಸರದಿಯ ಗಿರಾಕಿಯನ್ನೂ ಬಿಟ್ಟು ಓಡಿ ಬಂದಿದ್ದ. ಅಣ್ಣನನ್ನು ಮಣ್ಣು ಮಾಡಿದ ವಾರದಲ್ಲೇ ಅಣ್ಣನ ಹಳೇ ಬೈಕನ್ನು ಮಾರಿಸಿದವನೂ ಅವನೇ. ವಿಧವೆಗೆ ಬೈಕ್ ಯಾಕೆ ಎಂದು ಆಗ ಅವನು ಕೇಳಿದ್ದ.

ದತ್ತಾರಾಮ ಮತ್ತೆ ಸ್ಕೂಟರ್ ಕಡೆ ಕೈ ತೋರಿಸಿದ. ಅಂಗಡಿಗೆ ಬಂದ ಹೆಂಗಸರನ್ನೆಲ್ಲ ಅವನು ‘ಬಾಯಿ’ ಎಂದೇ ಗೌರವದಿಂದ ಕರೆಯುತ್ತಿದ್ದ. "ಬಾಯಿ, ಮೊದಲನೇ ಗಾಡಿ ಅಲ್ವಾ, ಇದು ತಗೊಳ್ಳಿ. ಕ್ಲಚ್ಚಿಲ್ಲ, ಗೇರಿಲ್ಲ. ಹಗುರ. ನಿಮ್ಮೊಬ್ಬರಿಗೆ ಸಾಕು."

"ನಾನೊಬ್ಬಳೇ ಆಗಿದ್ರೆ ಸಾಕಿತ್ತು," ಎಂದಳು ಎಸ್ಪೆರಾಂಸ್. "ಹಿಂದೆ ಭಾರ ಬಿದ್ದಷ್ಟೂ ಮುಂದಿನ ಚಕ್ರ ಹಗುರಾಗುತ್ತೆ. ಇದರ ಚಕ್ರ ಚಿಕ್ಕದು. ನಮ್ಮ ರಸ್ತೆ ಗುಂಡಿಗೆ ಇಳಿದ್ರೆ ಮೇಲೆ ಬರಲ್ಲ."

ಸಾಂತಾನನ ಮುಖ ಕೆಂಪಾಯಿತು.

ಅವಳು ಕಪ್ಪು ಬಣ್ಣದ ಚಿಕ್ಕ ಮೋಟಾರ್ ಸೈಕಲ್ಲಿನ ಹಿಂದೆ ತಾನೇ ಹತ್ತಿ ಕೂತಳು. ಕಾಲಿಡುವ ಕಂಬಿ ತುಳಿದು ನೋಡಿದಳು. ಒಮ್ಮೆ ಕಾಲು ಎರಡೂ ಕಡೆ ಹಾಕಿ, ಒಮ್ಮೆ ಒಂದೇ ಕಡೆ ಹಾಕಿ ಕೂತಳು. ಆಮೇಲೆ ಇಳಿದು ಮುಂದೆ ಕೂತಳು. ಎರಡು ಪಾದಗಳೂ ಪೂರ್ತಿ ನೆಲ ಮುಟ್ಟಿದವು. "ಹಿಂದಿನವರ ಮಂಡಿ ನನಗೆ ತಾಗಬಾರದು," ಎಂದಳು. "ಇದರಲ್ಲಿ ತಾಗಲ್ಲ."

"ಅಷ್ಟು ಮಡಿ ಇದ್ರೆ ಹಿಂದೆ ಕೂರಿಸ್ಕೊಳ್ಳೋದ್ಯಾಕೆ?" ಸಾಂತಾನ್ ಗುರುಗುಟ್ಟಿದ.

ಅವಳು ಚೀಟಿ ಮಡಚಿದಳು. "ಓಡಿಸಿ ನೋಡ್ಬೇಕು. ಹಿಂದೆ ಕೂತ್ಕೋ, ಸಾಂತಾನ್."

"ಹೆಂಗಸಿನ ಬೆನ್ನ ಹಿಂದೆ ಕೂರೋ ಮಗ ಅಲ್ಲ ನಾನು."

ದತ್ತಾರಾಮನೇ ಕೂತ. ಷೋರೂಮಿನ ಹಿಂದಿನ ಅಂಗಳದಲ್ಲಿ ಸಣ್ಣ ಏರೊಂದಿತ್ತು. ಅವಳು ಕ್ಲಚ್ ಬೇಗ ಬಿಟ್ಟಳು. ಎಂಜಿನ್ ಉಸಿರುಕಟ್ಟಿ ನಿಂತಿತು. ಗಾಡಿ ಹಿಂದಕ್ಕೆ ಜಾರಿ ಎಡಕ್ಕೆ ವಾಲಿತು. ಸಾಂತಾನ್ ಹಲ್ಲು ಕಿರಿದ. "ಮನೇಗೆ ನಡಿ ಅತ್ತಿಗೆ, ಆಯ್ತಲ್ಲ."

ಅವಳು ಕಾಲೂರಿ ಇಬ್ಬರ ಭಾರವನ್ನೂ ತಡೆದಳು. ಮತ್ತೆ ಸ್ಟಾರ್ಟ್ ಮಾಡಿದಳು. ಈ ಸಲ ಕ್ಲಚ್ಚನ್ನು ನಿಧಾನವಾಗಿ, ಕೂದಲೆಳೆಯಷ್ಟೇ ಬಿಡುತ್ತ ಏರು ಹತ್ತಿದಳು. ಮೇಲೆ ತಿರುಗಿಸಿ ಇಳಿದು ಬಂದು, ಸಾಂತಾನನ ಚಪ್ಪಲಿಗೆ ಗೇಣು ದೂರದಲ್ಲಿ ನಿಲ್ಲಿಸಿದಳು.

"ಹೇಗಿತ್ತು?" ದತ್ತಾರಾಮನನ್ನು ಕೇಳಿದಳು.

"ಬೆನ್ನು ಕುಲುಕಲಿಲ್ಲ, ಬಾಯಿ."

"ಅದೇ ಬೇಕಾಗಿದ್ದು."

ಸಾಂತಾನ್ ಹ್ಯಾಂಡಲ್ ಹಿಡಿದುಕೊಂಡ. ದನಿ ತಗ್ಗಿತ್ತು. "ಒಂದು ಮಾತು ನೇರವಾಗಿ ಹೇಳಿಬಿಡು. ನಮ್ಮಣ್ಣನ ಜಾಗಕ್ಕೆ ಬೇರೆಯವರನ್ನ ತರ್ತೀಯಾ?"

"ಹನ್ನೊಂದು ತಿಂಗಳಿಂದ ಖಾಲಿ ಬಿದ್ದಿದೆ, ಸಾಂತಾನ್. ಇನ್ನೊಂದು ತಿಂಗಳು ಬಿಟ್ರೆ ಕೈತಪ್ಪುತ್ತೆ."

"ನಾಚಿಕೆ ಇಲ್ವಾ?"

"ಇತ್ತು. ಮೈದಾನದಲ್ಲಿ ಏಳು ಸಲ ಬಿದ್ದೆ. ಅಲ್ಲೇ ಬಿಟ್ಟು ಬಂದೆ."

"ಅಮ್ಮನಿಗೆ ಗೊತ್ತಾದ್ರೆ ಎದೆ ಒಡ್ಕೋತಾಳೆ."

"ಅಮ್ಮನಿಗೆ ಗೊತ್ತು. ಬೇಗ ಮಾಡು ಅಂದ್ರು."

ಸಾಂತಾನನಿಗೆ ನಂಬಿಕೆ ಬರಲಿಲ್ಲ. ಎಂಬತ್ತು ವರ್ಷದ ತಾಯಿ, ಮಗನ ವರ್ಷದ ಪೂಜೆಯೂ ಆಗದೆ ಸೊಸೆಗೆ ಹೀಗೆ ಹೇಳುವುದುಂಟೆ? ಕೊನೆಗೆ ಉಳಿದದ್ದು ಒಂದೇ ಅಸ್ತ್ರ. "ಮನೆ ನನ್ನ ಹೆಸರಲ್ಲಿದೆ. ಈ ಗಾಡಿ ಮೇಲೆ ಪರ ಗಂಡಸನ್ನ ಕೂರಿಸ್ಕೊಂಡು ಊರಲ್ಲಿ ಓಡಾಡಿದ ದಿನ, ನಿನ್ನ ಕೋಣೆಗೆ ಬೀಗ ಬೀಳುತ್ತೆ."

ಇಪ್ಪತ್ತಾರು ವರ್ಷ ಬಾಳಿದ ಕೋಣೆ ಅದು. ಎಸ್ಪೆರಾಂಸ್ ಹ್ಯಾಂಡಲ್ ಮೇಲಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಹಾಗಾದ್ರೆ ಬೀಗ ಇವತ್ತೇ ತಂದಿಟ್ಕೋ. ನಾಳೆಯಿಂದಾನೇ ಕೂರಿಸ್ಕೋತೀನಿ. ಒಬ್ಬರನ್ನಲ್ಲ, ಬಂದವರನ್ನೆಲ್ಲ."

ಅವಳು ಒಳಗೆ ನಡೆದಳು. ಸಾಂತಾನ್ ತಲೆ ತಗ್ಗಿಸಿಕೊಂಡು ಹಿಂದೆಯೇ ಬಂದ. ಇದನ್ನು ಪಾದ್ರಿಗಳಿಗೆ ಯಾವ ಬಾಯಲ್ಲಿ ಹೇಳುವುದು ಎಂದು ಅವನಿಗೆ ತೋಚಲಿಲ್ಲ. ಮೇಜಿನ ಮುಂದೆ ದತ್ತಾರಾಮ ಫಾರಂ ಬಿಡಿಸಿ ಹೆಸರು, ವಿಳಾಸ ತುಂಬಿದ.

"ಸ್ವಂತದ ಓಡಾಟಕ್ಕೆ ತಾನೆ ಬಾಯಿ? ನಂಬರ್ ಪ್ಲೇಟು ಬಿಳಿ ಅಂತ ಬರೀಲಾ?"

"ಹಳದಿ ಅಂತ ಬರಿ," ಎಂದು ಎಸ್ಪೆರಾಂಸ್ ಬಾಡಿಗೆ ಗಾಡಿ ಓಡಿಸುವ ಬ್ಯಾಜನ್ನು ಮೇಜಿನ ಮೇಲಿಟ್ಟಳು. "ಸ್ಟ್ಯಾಂಡಿನ ಪೈಲಟ್‌ಗಳ ಸಾಲಿನಲ್ಲಿ ನನ್ನ ಗಂಡ ನಿಲ್ತಿದ್ದ ಜಾಗ ವರ್ಷ ತುಂಬಿದ್ರೆ ಬೇರೆಯವರಿಗೆ ಹೋಗುತ್ತೆ. ಇನ್ಮೇಲೆ ಅಲ್ಲಿ ನಾನು ನಿಲ್ತೀನಿ."